ಸಿಟಿ ಸ್ಕ್ಯಾನ್ ಮಾಡಿಸಿದ್ರೆ ಕ್ಯಾನ್ಸರ್ ಬರ್ತೈತೇನ್ರಿ?

ಗದಗ, ಹಾವೇರಿ ಕಡೆಯಿಂದ ಹುಬ್ಬಳ್ಳಿ ಕಿಮ್ಸ್‌ಗೆ ಬಂದವರು ಸ್ಕ್ಯಾನಿಂಗ್ ಚೀಟಿ ಹಿಡಿದುಕೊಂಡು ಆಗಾಗ ಕೇಳುವ ಮಾತಿದು: "ಇದರಿಂದ ಕ್ಯಾನ್ಸರ್ ಬರ್ತೈತಂತಲ್ರಿ, ಖರೇನು?" "ಏನೂ ಆಗಂಗಿಲ್ಲ ಹೋಗ್ರಿ" ಎಂದು ಕಳಿಸಿಬಿಡುವುದು ಸರಿಯಲ್ಲ. ಸಿಟಿ ಸ್ಕ್ಯಾನ್ ಕೂಡ ಎಕ್ಸ್‌ರೇ ಎಂಬ ವಿಕಿರಣದಿಂದಲೇ ದೇಹದ ಒಳಗಿನ ಚಿತ್ರ ತೆಗೆಯುತ್ತದೆ. ಆ ಭಯಕ್ಕೆ ನೂರು ವರ್ಷ ದಾಟಿದ ಇತಿಹಾಸವಿದೆ.

ಜರ್ಮನಿಯ ವಿಜ್ಞಾನಿ ರಾಂಟ್ಜನ್ ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. ಮೊದಲು ಪೆಟ್ಟು ತಿಂದವರು ಅದರ ಜೊತೆ ಕೆಲಸ ಮಾಡಿದವರೇ. ಎಡಿಸನ್ ಅವರ ಸಹಾಯಕ ಕ್ಲಾರೆನ್ಸ್ ಡ್ಯಾಲಿ ತನ್ನ ಕೈಯನ್ನೇ ಕಿರಣಕ್ಕೆ ಒಡ್ಡಿ ಯಂತ್ರ ಪರೀಕ್ಷಿಸುತ್ತಿದ್ದರು. ಕೈ ಕತ್ತರಿಸಿದರೂ ಕ್ಯಾನ್ಸರ್ ನಿಲ್ಲಲಿಲ್ಲ. 1904ರಲ್ಲಿ ತೀರಿಕೊಂಡರು.

ಎಷ್ಟು ವಿಕಿರಣಕ್ಕೆ ಎಷ್ಟು ಅಪಾಯ ಎಂಬ ಲೆಕ್ಕ ಮುಖ್ಯವಾಗಿ ಸಿಕ್ಕಿದ್ದು ಹಿರೋಷಿಮಾ, ನಾಗಸಾಕಿಯ ಜನರಿಂದ. 1945ರ ಅಣುಬಾಂಬ್‌ಗೆ ಸಿಕ್ಕಿ ಬದುಕುಳಿದವರು, ಆಗ ಊರಲ್ಲಿ ಇಲ್ಲದವರು ಸೇರಿ ಸುಮಾರು 1,20,000 ಜನರ ಆರೋಗ್ಯವನ್ನು ಸಂಶೋಧಕರು 1950ರಿಂದ ಗಮನಿಸುತ್ತಾ ಬಂದಿದ್ದಾರೆ. ಯಾರ ಮೈಗೆ ಎಷ್ಟು ತಾಗಿತು ಎಂದು ಅಳೆಯಲು ಆ ದಿನ ಯಾವ ಉಪಕರಣವೂ ಇರಲಿಲ್ಲ. ಹಾಗಾಗಿ ಒಬ್ಬೊಬ್ಬರನ್ನೇ ಕೇಳಿದರು. ಬಾಂಬ್ ಬಿದ್ದಾಗ ಎಲ್ಲಿದ್ದಿರಿ? ಒಳಗಾ, ಹೊರಗಾ? ಯಾವ ಕಡೆ ಮುಖ ಮಾಡಿದ್ದಿರಿ? ನಡುವೆ ಎಂಥ ಗೋಡೆ ಇತ್ತು? ಮನೆಯ ನಕ್ಷೆ ಬರೆದು ಲೆಕ್ಕ ಹಾಕಿದರು. ಈ ಕೆಲಸಕ್ಕೆ ಅಮೆರಿಕ ಕಟ್ಟಿದ ಸಂಸ್ಥೆ ಪರೀಕ್ಷೆ ಮಾಡುತ್ತಿತ್ತು, ಚಿಕಿತ್ಸೆ ಕೊಡುತ್ತಿರಲಿಲ್ಲ. ಅಲ್ಲಿನವರ ಸಿಟ್ಟು ನ್ಯಾಯವಾದದ್ದೇ. ಇವತ್ತು ನಮ್ಮನ್ನು ಕಾಯುವ ನಿಯಮಗಳು ಆ ಜನರ ಋಣದಲ್ಲಿವೆ.

ಬದುಕುಳಿದವರಲ್ಲಿ ರಕ್ತದ ಕ್ಯಾನ್ಸರ್ ಕೆಲವೇ ವರ್ಷಗಳಲ್ಲಿ ಹೆಚ್ಚಾಯಿತು. ಸ್ತನ, ಶ್ವಾಸಕೋಶ, ಹೊಟ್ಟೆಯ ಕ್ಯಾನ್ಸರ್ ಹತ್ತು ವರ್ಷ ಕಳೆದ ಮೇಲೆ ಏರತೊಡಗಿತು, ಆ ಅಪಾಯ ಜೀವನಪೂರ್ತಿ ಉಳಿಯಿತು. ಚಿಕ್ಕ ವಯಸ್ಸಿನಲ್ಲಿ ವಿಕಿರಣ ತಾಗಿದವರಿಗೆ ಅಪಾಯ ಜಾಸ್ತಿ. ಆಮೇಲೆ ಹುಟ್ಟಿದ ಅವರ ಮಕ್ಕಳಲ್ಲಿ ಕ್ಯಾನ್ಸರ್ ಹೆಚ್ಚಿದ್ದು ಮಾತ್ರ ಇದುವರೆಗೆ ಕಂಡಿಲ್ಲ.

1950ರ ದಶಕದಲ್ಲಿ ಆಕ್ಸ್‌ಫರ್ಡ್‌ನ ವೈದ್ಯೆ ಆಲಿಸ್ ಸ್ಟೀವರ್ಟ್, ಬಸುರಿಯರಿಗೆ ತೆಗೆದ ಎಕ್ಸ್‌ರೇಗೂ ಮಕ್ಕಳ ಕ್ಯಾನ್ಸರ್‌ಗೂ ನಂಟು ತೋರಿಸಿದರು. ವೈದ್ಯಲೋಕ ಒಪ್ಪಲು ತುಂಬಾ ಕಾಲ ಹಿಡಿಯಿತು. ಎಕ್ಸ್‌ರೇ ರೂಮಿನ ಬಾಗಿಲಲ್ಲಿ "ಗರ್ಭಿಣಿಯಾಗಿದ್ದರೆ ತಿಳಿಸಿ" ಎಂಬ ಫಲಕ ಸುಮ್ನೆ ಹಾಕಿದ್ದಲ್ಲ. 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರದ ಅಪಘಾತದಲ್ಲಿ ಹಾರಿದ ವಿಕಿರಣಶೀಲ ಅಯೋಡಿನ್ ಹಾಲಿನ ಮೂಲಕ ಮಕ್ಕಳ ಕತ್ತಿನ ಥೈರಾಯ್ಡ್ ಗ್ರಂಥಿ ಸೇರಿತು. ಅಲ್ಲೂ ಕ್ಯಾನ್ಸರ್‌ಗೆ ಹೆಚ್ಚು ತುತ್ತಾದವರು ಮಕ್ಕಳೇ.

ಈಗ ನಮ್ಮ ಚೀಟಿಗೆ ಬರೋಣ. ಮಣ್ಣು, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ಮೈಗೆ ತಾಗಿದ ವಿಕಿರಣ ಅಳೆಯುವ ಮಾನ) ವಿಕಿರಣ ಹೇಗೂ ತಾಗುತ್ತದೆ. ಎದೆಯ ಒಂದು ಎಕ್ಸ್‌ರೇ 0.1 ಅಥವಾ ಅದಕ್ಕಿಂತ ಕಡಿಮೆ. ಹೊಟ್ಟೆಯ ಸಿಟಿ ಮಾತ್ರ ಸುಮಾರು 8ರಿಂದ 10. ಒಂದು ಸಲದ ಅಪಾಯ ತೀರಾ ಸಣ್ಣದು. ತಲೆಗೆ ಪೆಟ್ಟು ಬಿದ್ದವರು ಇದಕ್ಕೆ ಹೆದರಿ ಸಿಟಿ ಬೇಡ ಅಂದರೆ ಜೀವಕ್ಕೇ ಕುತ್ತು.

ನನ್ನ ಆತಂಕ ಬೇರೆ. ಊರಲ್ಲಿ ಒಂದು ಸಿಟಿ, ಧಾರವಾಡದಲ್ಲಿ ಇನ್ನೊಂದು, ಹುಬ್ಬಳ್ಳಿಗೆ ಬಂದ ಮೇಲೆ ಮತ್ತೊಂದು. ಹಳೆಯ ಫಿಲ್ಮ್, ಸಿಡಿ ಮನೆಯಲ್ಲೇ ಉಳಿದಿರುತ್ತದೆ. ಅವನ್ನು ಜೋಪಾನವಾಗಿಟ್ಟು ಜೊತೆಗೆ ತನ್ನಿ. ಮಗುವಿಗೆ ಸಿಟಿ ಬರೆದಿದ್ದರೆ "ಅಲ್ಟ್ರಾಸೌಂಡ್ ಸಾಕಾಗಂಗಿಲ್ಲೇನ್ರಿ ಡಾಕ್ಟ್ರೇ?" ಎಂದು ಸಂಕೋಚವಿಲ್ಲದೆ ಕೇಳಿ. ಅದರಲ್ಲಾಗಲಿ, ಎಂಆರ್‌ಐನಲ್ಲಾಗಲಿ ಈ ವಿಕಿರಣ ಇಲ್ಲ.