ಮನೆಯ ನೋವಿನ ಮಾತ್ರೆ ನಾಯಿ, ಬೆಕ್ಕಿಗೆ ಯಾಕೆ ಆಗುವುದಿಲ್ಲ?

ಸಕಲೇಶಪುರದ ಕಡೆ ನಾಯಿ ಇಲ್ಲದ ತೋಟದ ಮನೆ ಸಿಗುವುದು ಕಷ್ಟ. ಒಂದು ದಿನ ಹಂದಿಯಿಂದ ತಿವಿಸಿಕೊಂಡು ಬರುತ್ತದೆ, ಇನ್ನೊಂದು ದಿನ ಜೀಪಿಗೆ ಸಿಕ್ಕಿ ಕುಂಟುತ್ತದೆ. ವಯಸ್ಸಾದ ಮೇಲೆ ಮಳೆಗಾಲದ ಥಂಡಿಗೆ ಏಳುವುದಕ್ಕೇ ಆಗುವುದಿಲ್ಲ. ಆಗ ಕೈ ಮೊದಲು ಹೋಗುವುದು ಮನೆಯಲ್ಲಿರುವ ನೋವಿನ ಮಾತ್ರೆಗೆ. ನಮಗೆ ಒಂದಾದರೆ ಅದಕ್ಕೆ ಅರ್ಧ ಸಾಕು ಎಂಬ ಲೆಕ್ಕ. ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ ಲೆಕ್ಕ ತಪ್ಪು.

ಆಸ್ಪಿರಿನ್ ಮಾರುಕಟ್ಟೆಗೆ ಬಂದದ್ದು 1899ರಲ್ಲಿ. ಅದು ಕೆಲಸ ಮಾಡುವ ಬಗೆಯನ್ನು ಬ್ರಿಟನ್ನಿನ ವಿಜ್ಞಾನಿ ಜಾನ್ ವೇನ್ ತೋರಿಸಿಕೊಟ್ಟದ್ದು 1971ರಲ್ಲಿ. ಅಷ್ಟರೊಳಗೆ ಐಬುಪ್ರೊಫೆನ್ ಕೂಡ ಬಂದಾಗಿತ್ತು. ಪೆಟ್ಟು ಬಿದ್ದ ಕಡೆ ದೇಹ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುವನ್ನು ತಯಾರಿಸುತ್ತದೆ. ನೋವು, ಊತ, ಜ್ವರದಲ್ಲಿ ಅದರ ಪಾಲು ದೊಡ್ಡದು. ಈ ಮಾತ್ರೆಗಳು ಆ ತಯಾರಿಕೆಯನ್ನೇ ತಡೆಯುತ್ತವೆ. ತೊಂದರೆ ಏನೆಂದರೆ, ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಯುವುದೂ ಪ್ರೊಸ್ಟಗ್ಲಾಂಡಿನ್ನೇ. ಮೈಯಲ್ಲಿ ನೀರಿನಂಶ ಇಳಿದಾಗ ಕಿಡ್ನಿಗೆ ರಕ್ತ ಹರಿಯುವಂತೆ ನೋಡಿಕೊಳ್ಳುವುದೂ ಅದೇ. ನೋವಿನ ಜೊತೆ ಈ ಕಾವಲೂ ಹೋಗುತ್ತದೆ.

ನಮ್ಮ ದೇಶದಲ್ಲಿ ಪ್ರಾಣಿಗಳ ನೋವಿನ ಔಷಧ ಎಂದರೆ ಬಹುಕಾಲ ದನದ ಔಷಧವೇ ಆಗಿತ್ತು. 1990ರ ದಶಕದಲ್ಲಿ ಇದೇ ಗುಂಪಿನ ಅಗ್ಗದ ಡೈಕ್ಲೊಫೆನಾಕ್ ಚುಚ್ಚುಮದ್ದು ಹಳ್ಳಿಹಳ್ಳಿಗೂ ಹೋಯಿತು. ಕೆಚ್ಚಲು ಬಾವು, ಕಾಲುನೋವು, ಜ್ವರ, ಎಲ್ಲಕ್ಕೂ ಅದೇ. ಔಷಧ ಮೈಯಲ್ಲಿರುವಾಗಲೇ ಸತ್ತ ದನವನ್ನು ತಿಂದ ರಣಹದ್ದುಗಳ ಕಿಡ್ನಿ ಹಾಳಾಗಿ, ಅವೂ ಸಾಲಾಗಿ ಸತ್ತವು. ಕಾರಣ ಗೊತ್ತಾದದ್ದು 2004ರಲ್ಲಿ. 2006ರಲ್ಲಿ ಕೇಂದ್ರ ಸರ್ಕಾರ ಪ್ರಾಣಿಗಳಿಗೆಂದು ಡೈಕ್ಲೊಫೆನಾಕ್ ತಯಾರಿಸುವುದನ್ನು ನಿಲ್ಲಿಸಲು ಹೇಳಿತು. ಇದೇ ಗುಂಪಿನದಾದರೂ ಹದ್ದುಗಳಿಗೆ ತೊಂದರೆ ಮಾಡದ ಮೆಲಾಕ್ಸಿಕ್ಯಾಮ್ ಅದರ ಜಾಗಕ್ಕೆ ಬಂತು. ಮನುಷ್ಯರಿಗೆಂದು ಬರುತ್ತಿದ್ದ ದೊಡ್ಡ ಬಾಟಲಿಗಳು ಕೊಟ್ಟಿಗೆ ಸೇರುವುದು ನಿಲ್ಲದಿದ್ದಾಗ, 2015ರಲ್ಲಿ ಅವುಗಳ ಅಳತೆಯನ್ನು 3 ಮಿಲಿಲೀಟರ್‌ಗೆ ಇಳಿಸಲಾಯಿತು. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೊಫೆನಾಕ್ ಕೂಡ ಪ್ರಾಣಿಗಳಿಗೆ ನಿಷೇಧವಾದವು.

ಇದೆಲ್ಲ ಆಗಲೇಬೇಕಿತ್ತು. ಆದರೆ ಇಷ್ಟೂ ವರ್ಷದ ಚರ್ಚೆಯಲ್ಲಿ ದನ ಇತ್ತು, ಹದ್ದು ಇತ್ತು. ಜಗಲಿಯಲ್ಲಿ ಮಲಗುವ ನಾಯಿ, ಒಲೆ ಪಕ್ಕದ ಬೆಕ್ಕು ಇರಲಿಲ್ಲ. ಹದ್ದಿಗೆ ಅಪಾಯವಿಲ್ಲದ ಔಷಧ ಬೆಕ್ಕಿಗೂ ಅಪಾಯವಿಲ್ಲ ಎಂದೇನೂ ಅಲ್ವಲ್ಲ.

ಮೆಲಾಕ್ಸಿಕ್ಯಾಮ್ ಲೆಕ್ಕವನ್ನೇ ನೋಡಿ. ನಾಯಿಗೆ ಸಾಮಾನ್ಯವಾಗಿ ಮೊದಲ ದಿನ ಕಿಲೋ ತೂಕಕ್ಕೆ 0.2 ಮಿಲಿಗ್ರಾಂ, ಆಮೇಲೆ ದಿನಕ್ಕೆ 0.1. ಅಂದರೆ 10 ಕಿಲೋ ನಾಯಿಗೆ ಮೊದಲು 2, ನಂತರ 1 ಮಿಲಿಗ್ರಾಂ. ಮನುಷ್ಯರ ಚಿಕ್ಕ ಮಾತ್ರೆ 7.5 ಮಿಲಿಗ್ರಾಂ. ಅರ್ಧ ಮುರಿದು ಕೊಟ್ಟರೂ ಎರಡನೇ ದಿನ ನಾಲ್ಕು ಪಟ್ಟಿನ ಹತ್ತಿರ ಬಂತು. ಬೆಕ್ಕಿಗೆ ದಿನಾ ಕೊಡಬೇಕಾದಾಗ ಯುರೋಪಿನ ಪ್ರಮಾಣ ಕಿಲೋಗೆ 0.05 ಮಿಲಿಗ್ರಾಂ. 4 ಕಿಲೋ ಬೆಕ್ಕಿಗೆ ಅದೇ ಅರ್ಧ ಮಾತ್ರೆ 18 ಪಟ್ಟಿಗಿಂತ ಜಾಸ್ತಿ. ಇದು ಕೈಯಲ್ಲಿ ಮುರಿದು ಅಂದಾಜು ಮಾಡುವ ಔಷಧ ಅಲ್ಲ. ನಾಯಿ, ಬೆಕ್ಕಿಗೆಂದೇ ಬರುವ ದ್ರವ ರೂಪದ್ದನ್ನು ತೂಕ ನೋಡಿ ಸಿರಿಂಜಿನಲ್ಲಿ ಅಳೆಯಬೇಕು.

ಬೆಕ್ಕಿನ ವಿಷಯದಲ್ಲಿ ಹೊರದೇಶಗಳೂ ಒಂದೇ ಮಾತು ಹೇಳುವುದಿಲ್ಲ. ಯುರೋಪಿನಲ್ಲಿ ಬೆಕ್ಕಿನ ಹಳೇ ಕೀಲುನೋವಿಗೆ ಇದನ್ನು ಸಣ್ಣ ಪ್ರಮಾಣದಲ್ಲಿ ದಿನಾ ಕೊಡಲು ಒಪ್ಪಿಗೆ ಇದೆ. ಅಮೆರಿಕದಲ್ಲಿ ಒಂದೇ ಬಾರಿಯ ಚುಚ್ಚುಮದ್ದಿಗೆ ಮಾತ್ರ ಒಪ್ಪಿಗೆ. ಮತ್ತೆ ಮತ್ತೆ ಕೊಟ್ಟರೆ ಕಿಡ್ನಿ ಕೆಟ್ಟು ಸಾಯಬಹುದು ಎಂಬ ಎಚ್ಚರಿಕೆ ಅಲ್ಲಿನ ಔಷಧದ ಮೇಲೆ 2010ರಿಂದ ಇದೆ.

ಬೇರೆ ಮಾತ್ರೆಗಳ ಕಥೆ ಇನ್ನೂ ಕಷ್ಟ. ನ್ಯಾಪ್ರೊಕ್ಸೆನ್ ಒಮ್ಮೆ ಹೊಟ್ಟೆಗೆ ಹೋದರೆ ಅದರ ಅರ್ಧ ನಾಯಿಯ ಮೈಯಿಂದ ಹೋಗಲು ಸುಮಾರು 74 ಗಂಟೆ ಬೇಕು. ಐಬುಪ್ರೊಫೆನ್ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ. ಪ್ಯಾರಾಸಿಟಮಾಲ್ ಈ ಗುಂಪಿಗೆ ಸೇರಿದ್ದಲ್ಲ, ಆದರೆ ಮನೆಯ ಡಬ್ಬಿಯಲ್ಲಿ ಪಕ್ಕದಲ್ಲೇ ಇರುತ್ತದೆ. ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲವೆಂದೇ ಹೇಳಬೇಕು. ರಕ್ತ ಆಮ್ಲಜನಕ ಒಯ್ಯಲಾಗದೆ ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ. ಒಂದು ಮಾತ್ರೆ ಬೆಕ್ಕಿನ ಜೀವ ತೆಗೆಯಬಹುದು.

ನಮ್ಮ ಮಲೆನಾಡಿಗೆ ಇನ್ನೊಂದು ತೊಡಕಿದೆ: ಉಣ್ಣಿ. ಉಣ್ಣಿ ಕಚ್ಚಿ ಬರುವ ಜ್ವರದಲ್ಲಿ ನಾಯಿಯ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಇಳಿಯುತ್ತದೆ. ಮೂಗಿನಲ್ಲಿ ರಕ್ತ ಬರಬಹುದು, ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕೆ ಕಾಣಬಹುದು. ಕೆಲವಕ್ಕೆ ಕೀಲು ನೋವೂ ಇರುತ್ತದೆ, ಹಾಗಾಗಿ ಕುಂಟುತ್ತವೆ. ಮನೆಯವರಿಗೆ ಅದು ಪೆಟ್ಟಿನ ಹಾಗೆ ಕಾಣುತ್ತದೆ. ಅಂಥ ನಾಯಿಗೆ ಆಸ್ಪಿರಿನ್ ಕೊಟ್ಟರೆ ಉಳಿದ ಪ್ಲೇಟ್‌ಲೆಟ್‌ಗಳೂ ಸರಿಯಾಗಿ ಕೆಲಸ ಮಾಡುವುದಿಲ್ಲ, ಒಳಗೇ ರಕ್ತ ಸೋರುತ್ತದೆ. ರಕ್ತ ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಹೇಳಿದಾಗ ಅದನ್ನು ದಂಡದ ಖರ್ಚು ಎಂದುಕೊಳ್ಳಬೇಡಿ. ಕಿಡ್ನಿ, ಲಿವರ್ ಹೇಗಿವೆ ಎಂದು ತಿಳಿಯದೆ ಕೆಲವು ದಿನ ಈ ಔಷಧ ಕೊಡುವುದು ಕತ್ತಲಲ್ಲಿ ನಡೆದ ಹಾಗೆ.

ಡಾಕ್ಟರು ಬರೆದುಕೊಟ್ಟ ಮೇಲೂ ನೋಡಿಕೊಳ್ಳಬೇಕಾದದ್ದು ಮನೆಯವರೇ. ಊಟದ ಜೊತೆ ಕೊಡಿ. ಕುಡಿಯಲು ನೀರು ಸದಾ ಇರಲಿ. ವಾಂತಿ, ಕಪ್ಪು ಮಲ, ಊಟ ಬಿಡುವುದು, ಇದ್ದಕ್ಕಿದ್ದಂತೆ ಜಾಸ್ತಿ ನೀರು ಕುಡಿಯುವುದು ಕಂಡರೆ ಔಷಧ ನಿಲ್ಲಿಸಿ ಫೋನ್ ಮಾಡಿ. ಚರ್ಮದ ಕಜ್ಜಿಗೆಂದು ಮೊದಲೇ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ನಡೆಯುತ್ತಿದ್ದರೆ ಅದನ್ನು ಮುಚ್ಚಿಡದೆ ಹೇಳಿ. ಎರಡೂ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ತೂತು ಬೀಳುವುದೂ ಉಂಟು.

ತೋಟದಿಂದ ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಬರುವುದು ಎಲ್ಲರಿಗೂ ಸುಲಭವಲ್ಲ, ಅದರಲ್ಲೂ ರಾತ್ರಿ ಹೊತ್ತು. ಬೆಳಗಾಗುವವರೆಗೆ ನಾಯಿಯನ್ನು ಓಡಾಡಲು ಬಿಡದೆ, ಬೆಚ್ಚಗಿನ ಒಣ ಜಾಗದಲ್ಲಿ ಮಲಗಿಸಿ. ಮಾತ್ರೆ ಬೇಡ. ಈಗಾಗಲೇ ಕೊಟ್ಟಾಗಿದ್ದರೆ ಮಾತ್ರ ಬೆಳಗಿನವರೆಗೆ ಕಾಯಬೇಡಿ, ಸಿಕ್ಕ ಪಶುವೈದ್ಯರಿಗೆ ಆಗಲೇ ಫೋನ್ ಮಾಡಿ. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಎಷ್ಟು ಹೊತ್ತಿಗೆ ಕೊಟ್ಟಿರಿ ಎಂದು ಹೇಳಿ. ಹೋಗುವಾಗ ಮಾತ್ರೆಯ ಶೀಟನ್ನೂ ತೆಗೆದುಕೊಂಡು ಹೋಗಿ. ಬೇಗ ತಲುಪಿದರೆ ವಾಂತಿ ಮಾಡಿಸಲು ಆಗುತ್ತದೆ. ಬೆಕ್ಕಿಗೆ ಕೊಟ್ಟದ್ದು ಪ್ಯಾರಾಸಿಟಮಾಲ್ ಆಗಿದ್ದರೆ ಅದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಮರುಮದ್ದು ಇದೆ.