ಪ್ರೊಜೆಕ್ಟರ್: ಹಚ್ಚುವ ಮೊದಲು, ಆರಿಸಿದ ಮೇಲೆ

ಪ್ರೊಜೆಕ್ಟರ್ ಕೈಕೊಟ್ಟಿತು ಎನ್ನುವ ದೂರುಗಳಲ್ಲಿ ಬಹಳಷ್ಟು ಪ್ರೊಜೆಕ್ಟರಿನದ್ದೇ ಅಲ್ಲ. ಮೇಜಿಟ್ಟ ಜಾಗದ್ದು, ಪಕ್ಕದ ಕಿಟಕಿಯದ್ದು, ಅರ್ಥಿಂಗ್ ಇಲ್ಲದ ಪ್ಲಗ್ಗಿನದ್ದು, ಅಗ್ಗದ ಉದ್ದ ಕೇಬಲ್ಲಿನದ್ದು. ಪೆಟ್ಟಿಗೆಗೆ ನಿಜವಾದ ಏಟು ಬೀಳುವುದು ಕಾರ್ಯಕ್ರಮ ಮುಗಿದ ಮೇಲೆ, ಕುರ್ಚಿ ಎತ್ತಿಡುವ ಗಡಿಬಿಡಿಯಲ್ಲಿ, ‘ಅಣ್ಣೋ, ಮೈನ್ ತೆಗುದ್ಬುಡ್ಲಾ?’ ಎಂದು ಯಾರೋ ಕೇಳಿದಾಗ, ಇನ್ಯಾರೋ ‘ಹ್ಞೂಂ’ ಅಂದಾಗ.

ಮೊದಲು ದೂರದ ಲೆಕ್ಕ. ಪ್ರತಿ ಪ್ರೊಜೆಕ್ಟರಿಗೂ ಒಂದು ಥ್ರೋ ರೇಷಿಯೋ ಇರುತ್ತದೆ. ಲೆನ್ಸಿನಿಂದ ಪರದೆಗಿರುವ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಶಾಲೆ, ಕಚೇರಿಗಳ ಸಾಮಾನ್ಯ ಮಾದರಿಗಳಲ್ಲಿ 1.5ರ ಆಸುಪಾಸು, ಶಾರ್ಟ್ ಥ್ರೋ ಮಾದರಿಗಳಲ್ಲಿ 0.5ರ ಹತ್ತಿರ. ಪರದೆಯ ಇಂಚು ಹೇಳುವುದು ಮೂಲೆಯಿಂದ ಮೂಲೆಗೆ ಎಂಬುದು ನೆನಪಿರಲಿ, ಅಗಲವನ್ನಲ್ಲ. 16:9 ಅಳತೆಯ 120 ಇಂಚಿನ ಪರದೆ 2.66 ಮೀಟರ್ ಅಗಲ, 1.49 ಮೀಟರ್ ಎತ್ತರ. 2.66ನ್ನು 1.5ರಿಂದ ಗುಣಿಸಿದರೆ ಹೆಚ್ಚುಕಡಿಮೆ 4 ಮೀಟರ್, ಅಂದರೆ ಹದಿಮೂರು ಅಡಿ. ಟೇಪು ಹಿಡಿದು ಅಳೆದು ಮೇಜು ಹಾಕಿದರೆ ಆಮೇಲೆ ಜೂಮ್ ರಿಂಗ್ ತಿರುಗಿಸುವ ಕೆಲಸ ಅಷ್ಟಿಷ್ಟೇ.

ಕೊನೆಯ ಸಾಲಿನವರು ಅಕ್ಷರ ಓದಬೇಕಾದರೆ ಅವರು ಪರದೆಯ ಎತ್ತರದ ಆರು ಪಟ್ಟಿಗಿಂತ ದೂರ ಕೂತಿರಬಾರದು. 120 ಇಂಚಿನ ಪರದೆಗೆ ಇದು ಮೂವತ್ತು ಅಡಿ. ಛತ್ರದ ಹಿಂದಿನ ಸಾಲು ಅರವತ್ತು ಅಡಿ ಆಚೆ ಇದ್ದರೆ ಅವರಿಗೆ ಕಾಣುವುದು ಬಣ್ಣ ಮಾತ್ರ. ಅಲ್ಲಿ ಚಿತ್ರವನ್ನು ಹಿಗ್ಗಿಸುವುದಕ್ಕಿಂತ, ಸಭೆಯ ನಡುವೆ ಎರಡು ಬದಿಗೂ ಟಿವಿ ಇಟ್ಟು ಚಿತ್ರ, ಧ್ವನಿ ಒಟ್ಟಿಗೆ ಸಾಗಿಸುವ ಎಚ್‌ಡಿಎಂಐ ತಂತಿಯನ್ನು ಸ್ಪ್ಲಿಟರ್‌ನಿಂದ ಕವಲೊಡೆಸಿ ಹಂಚುವುದು ಮೇಲು. ನೆಲ ಸಮತಟ್ಟಾಗಿದ್ದರೆ ಪರದೆಯ ಕೆಳ ಅಂಚು ನೆಲದಿಂದ ನಾಲ್ಕು ಅಡಿಯಾದರೂ ಮೇಲಿರಲಿ. ಅದಕ್ಕಿಂತ ಕೆಳಗಿನ ಸಾಲುಗಳನ್ನು ಮುಂದಿನವರ ತಲೆಗಳು ನುಂಗುತ್ತವೆ.

ಎತ್ತರ ಸಾಲದಿದ್ದಾಗ ಎಲ್ಲರೂ ಮಾಡುವುದು ಪ್ರೊಜೆಕ್ಟರಿನ ಮುಂದಿನ ಕಾಲು ಎತ್ತುವುದು. ಆಗ ಚಿತ್ರ ಮೇಲೆ ಅಗಲವಾಗಿ, ಕೆಳಗೆ ಕಿರಿದಾಗುತ್ತದೆ. ಅದನ್ನು ಸರಿಪಡಿಸಲು ಕೀಸ್ಟೋನ್ ಗುಂಡಿ ಒತ್ತುತ್ತಾರೆ. ಕೀಸ್ಟೋನ್ ಲೆನ್ಸನ್ನು ತಿರುಗಿಸುವುದಿಲ್ಲ. ಒಳಗೆ ಚಿತ್ರ ಮೂಡಿಸುವ ಎಲೆಕ್ಟ್ರಾನಿಕ್ ಚಿಪ್ಪಿನ ಮೇಲೆ ಚಿತ್ರವನ್ನೇ ಹಿಂಡಿ ಸೊಟ್ಟಗೆ ಬಿಡಿಸುತ್ತದೆ, ಅಂಚಿನ ಪಿಕ್ಸೆಲ್‌ಗಳು ಕೆಲಸಕ್ಕೆ ಬಾರದೆ ಹೋಗುತ್ತವೆ. 1280×800 ಪಿಕ್ಸೆಲ್‌ಗಳ ಯಂತ್ರದಲ್ಲಿ ಉಳಿಯುವುದೇ ಸ್ವಲ್ಪ, ಅದರಲ್ಲಿ ಕನ್ನಡದ ಒತ್ತಕ್ಷರಗಳು ಮೊದಲು ಕಲಸಿಹೋಗುತ್ತವೆ. ಆದ್ದರಿಂದ ಮೇಜನ್ನೇ ಎತ್ತರಿಸಿ, ಪೆಟ್ಟಿಗೆ ಪರದೆಗೆ ನೇರವಾಗಿ, ಮಟ್ಟಸವಾಗಿರಲಿ. ಹಾಗೆಂದು ಪುಸ್ತಕ ಪೇರಿಸಿ ಅದರ ಮೇಲಿಡಬೇಡಿ. ಹಲವು ಮಾದರಿಗಳು ಗಾಳಿ ಎಳೆದುಕೊಳ್ಳುವುದು ತಳದಿಂದ. ವೇದಿಕೆಯ ಮೇಜಿಗೆ ಹೊದಿಸುವ ಸ್ಯಾಟಿನ್ ಬಟ್ಟೆಯನ್ನಂತೂ ಫ್ಯಾನ್ ಹೀರಿಕೊಂಡು ಜಾಲರಿಗೆ ಅಂಟಿಸಿಬಿಡುತ್ತದೆ. ಬರಿಯ ಹಲಗೆ ಸಾಕು. ಗಾಳಿ ಬಿಡುವ ಕಡೆ ಒಂದೂವರೆ ಅಡಿ ಖಾಲಿ ಇರಲಿ, ಲ್ಯಾಪ್‌ಟಾಪನ್ನು ಆ ಬಿಸಿ ಗಾಳಿಗೆ ಒಡ್ಡಬೇಡಿ.

ಛಾವಣಿಗೆ ತೂಗುಹಾಕುವವರು ಮೊದಲು ಛಾವಣಿ ಯಾವುದು ನೋಡಬೇಕು. ಮೈಸೂರಿನ ಲಕ್ಷ್ಮೀಪುರಂ, ಚಾಮರಾಜಪುರಂ ಕಡೆಯ ಹಳೆಯ ಮನೆಗಳಲ್ಲಿ ಟ್ಯೂಷನ್ ನಡೆಸುವುದಾದರೆ ತಲೆಯ ಮೇಲಿರುವುದು ಮದ್ರಾಸ್ ತಾರಸಿ ಆಗಿರಬಹುದು: ಮರದ ತೊಲೆಗಳ ಮೇಲೆ ನಿಲ್ಲಿಸಿ ಕಟ್ಟಿದ ಇಟ್ಟಿಗೆ, ಗಾರೆ. ಆ ಇಟ್ಟಿಗೆಗೆ ರಂಧ್ರ ಕೊರೆದು ಪ್ಲಗ್ ಹಾಕಿದರೆ ಕೆಳಗೆ ಎಳೆಯುವ ಭಾರವನ್ನು ಅದು ನಂಬಿಕೆಯಿಂದ ಹಿಡಿಯುವುದಿಲ್ಲ. ಎರಡು ತೊಲೆಗಳಿಗೆ ಅಡ್ಡಪಟ್ಟಿ ಬಿಗಿದು ಅದರಿಂದ ತೂಗಿಸಿ. ಜಿಪ್ಸಮ್ ಛಾವಣಿಯಾದರೆ ಮೇಲಿನ ಆರ್‌ಸಿಸಿಗೆ ಆ್ಯಂಕರ್ ಬೋಲ್ಟ್ ಹೋಗಬೇಕು. ಮೌಂಟಿನ ಜತೆಗೆ ಪ್ರತ್ಯೇಕವಾಗಿ ಒಂದು ಉಕ್ಕಿನ ತಂತಿಯನ್ನೂ ಬಿಗಿಯಿರಿ. ಪೆಟ್ಟಿಗೆಯ ಕೆಳಗೆ ಕೂರುವವರು ಮಕ್ಕಳು. ಸೀಲಿಂಗ್ ಫ್ಯಾನಿನ ರೆಕ್ಕೆ ಬೆಳಕಿನ ದಾರಿಗೆ ಅಡ್ಡ ಬರುತ್ತದೆಯೇ ಎಂಬುದನ್ನು ರಂಧ್ರ ಕೊರೆಯುವ ಮೊದಲೇ ನೋಡಿಕೊಳ್ಳಿ. ತಲೆಕೆಳಗಾಗಿ ತೂಗುವುದರಿಂದ ಮೆನುವಿನಲ್ಲಿ ‘ಫ್ರಂಟ್ ಸೀಲಿಂಗ್’ ಆರಿಸಬೇಕು.

ಇನ್ನು ಬೆಳಕು. ಪೆಟ್ಟಿಗೆ ಬಿಡುವ ಒಟ್ಟು ಬೆಳಕಿನ ಅಳತೆ ಲ್ಯೂಮೆನ್. 3300 ಲ್ಯೂಮೆನ್ ಎಂದರೆ ಸಾಕೇ ಎಂದು ಕೇಳುತ್ತಾರೆ. ಎಷ್ಟು ದೊಡ್ಡ ಚಿತ್ರಕ್ಕೆ ಎಂಬುದನ್ನು ಬಿಟ್ಟು ಉತ್ತರ ಹೇಳಲಾಗದು. 100 ಇಂಚಿನ ಚಿತ್ರದ ವಿಸ್ತೀರ್ಣ 2.76 ಚದರ ಮೀಟರ್. ಅಲ್ಲಿ ಬೀಳುವುದು ಸುಮಾರು 1200 ಲಕ್ಸ್, ಅಂದರೆ ಚದರ ಮೀಟರಿಗೆ ಅಷ್ಟು ಲ್ಯೂಮೆನ್. ಅದೇ ಪೆಟ್ಟಿಗೆಯಿಂದ 200 ಇಂಚು ಬಿಟ್ಟರೆ ವಿಸ್ತೀರ್ಣ ನಾಲ್ಕು ಪಟ್ಟಾಗಿ 300 ಲಕ್ಸಿಗೆ ಇಳಿಯುತ್ತದೆ. ಕಿಟಕಿ ತೆರೆದ ತರಗತಿಯಲ್ಲಿ ಗೋಡೆಯ ಮೇಲೆ ಹಗಲು ಬೆಳಕೇ ಅಷ್ಟಿರುತ್ತದೆ. ಪ್ರೊಜೆಕ್ಟರಿಗೆ ಕಪ್ಪನ್ನು ಬಿಡುವುದು ಗೊತ್ತಿಲ್ಲ. ಚಿತ್ರದಲ್ಲಿ ಕಪ್ಪಾಗಿರಬೇಕಾದ ಜಾಗದಲ್ಲಿ ಕಾಣುವುದು ಕೋಣೆಯ ಬೆಳಕು. ಅಕ್ಷರ ಸಲೀಸಾಗಿ ಓದಲು ಪ್ರೊಜೆಕ್ಟರಿನ ಬೆಳಕು ಪರದೆಯ ಮೇಲಿನ ಹೊರಬೆಳಕಿಗಿಂತ ಏಳೆಂಟು ಪಟ್ಟಾದರೂ ಹೆಚ್ಚಿರಬೇಕು. ಹಾಗಾಗಿ ಸಭಾಂಗಣದ ದೀಪಗಳನ್ನೆಲ್ಲ ಆರಿಸಿ ಜನರನ್ನು ಕತ್ತಲಲ್ಲಿ ಕೂರಿಸಬೇಕಿಲ್ಲ. ಪರದೆಯ ನೆತ್ತಿಯ ಮೇಲಿನ ಟ್ಯೂಬುಗಳನ್ನು ಆರಿಸಿ, ಅದರ ಅಕ್ಕಪಕ್ಕದ ಕಿಟಕಿ ಮುಚ್ಚಿ. ಪರದೆ ಇಲ್ಲವೆಂದು ಬಿಳಿ ಪಂಚೆ ಕಟ್ಟಿದರೆ ಬೆಳಕಿನ ಒಂದು ಪಾಲು ಆಚೆ ಹೊರಟುಹೋಗುತ್ತದೆ. ಹಿಂದೆ ಕಪ್ಪು ಬಟ್ಟೆ ಜೋಡಿಸಿದರೆ ಹಿಂದಿನಿಂದ ನುಸುಳುವ ಬೆಳಕಾದರೂ ನಿಲ್ಲುತ್ತದೆ. ಹೊಳಪಿಲ್ಲದ ಬಿಳಿ ಗೋಡೆ ಇದ್ದರೆ ಪಂಚೆಗಿಂತ ಅದೇ ವಾಸಿ.

ಕರೆಂಟಿನ ವಿಷಯಕ್ಕೆ ಸ್ವಲ್ಪ ಹೊತ್ತು ನಿಲ್ಲಬೇಕು. ಸಾಮಾನ್ಯ ಲ್ಯಾಂಪ್ ಪ್ರೊಜೆಕ್ಟರ್ ಎಳೆಯುವುದು 250ರಿಂದ 350 ವ್ಯಾಟ್. ಒಳಗಿನ ಪವರ್ ಸಪ್ಲೈ ಸಾಮಾನ್ಯವಾಗಿ 100ರಿಂದ 240 ವೋಲ್ಟ್‌ವರೆಗೆ ತಡೆದುಕೊಳ್ಳುವುದರಿಂದ ವೋಲ್ಟೇಜ್ ಕಡಿಮೆಯಾಯಿತೆಂದು ಸ್ಟೆಬಿಲೈಜರ್ ಹುಡುಕಬೇಕಿಲ್ಲ. ಕೊಲ್ಲುವುದು ಸಡಿಲ ನ್ಯೂಟ್ರಲ್, ಅಂದರೆ ಕರೆಂಟ್ ಮರಳುವ ತಂತಿ. ಶಾಮಿಯಾನಕ್ಕೆ ತಾತ್ಕಾಲಿಕವಾಗಿ ಎಳೆದ ತ್ರೀ ಫೇಸ್ ಲೈನಿನಲ್ಲಿ ನ್ಯೂಟ್ರಲ್ ಕಳಚಿದರೆ ಒಂದು ಫೇಸಿನ ವೋಲ್ಟೇಜ್ 300 ದಾಟಬಹುದು, ಆಗ ಉಳಿಯುವುದು ಸುಟ್ಟ ವಾಸನೆ. ಮಲ್ಟಿಮೀಟರ್‌ನಲ್ಲಿ ಮೂರು ಅಳತೆ ಮಾಡಿ: ಫೇಸ್–ನ್ಯೂಟ್ರಲ್ 230ರ ಹತ್ತಿರ, ಫೇಸ್–ಅರ್ಥ್ ಕೂಡ ಅಷ್ಟೇ, ನ್ಯೂಟ್ರಲ್–ಅರ್ಥ್ ಎರಡು ಮೂರು ವೋಲ್ಟಿನೊಳಗೆ. ಫೇಸ್–ಅರ್ಥ್ ಅಳತೆ ಸೊನ್ನೆಯೋ ನೂರರ ಸುತ್ತ ಅಲೆಯುತ್ತಲೋ ಇದ್ದರೆ ಆ ಪ್ಲಗ್ಗಿಗೆ ಅರ್ಥ್ ಇಲ್ಲ.

ಅರ್ಥ್ ಇಲ್ಲದಾಗ ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಜುಮ್ಮೆನ್ನುತ್ತದೆ. ಚಾರ್ಜರಿನ ಫಿಲ್ಟರ್ ಕೆಪಾಸಿಟರ್‌ಗಳು ಮೈಗೆ ಅರ್ಧ ವೋಲ್ಟೇಜನ್ನು ಸೋರಿಸುತ್ತವೆ, ಭೂಮಿಗೆ ಇಳಿಯಲು ಅದಕ್ಕೆ ದಾರಿಯಿಲ್ಲ. ಪ್ರೊಜೆಕ್ಟರ್ ಒಂದು ಗೋಡೆಯ ಪ್ಲಗ್ಗಿನಲ್ಲಿ, ಲ್ಯಾಪ್‌ಟಾಪ್ ವೇದಿಕೆಯ ಇನ್ನೊಂದು ಫೇಸಿನಲ್ಲಿ ಇರುವಾಗ ಎಚ್‌ಡಿಎಂಐ ಚುಚ್ಚಿದರೆ ಆ ವ್ಯತ್ಯಾಸ ಕೇಬಲ್ಲಿನ ಮೂಲಕವೇ ಹರಿಯುತ್ತದೆ. ಪೋರ್ಟ್ ಸುಡುವುದು ಹೀಗೆ. ಆದ್ದರಿಂದ ಎರಡಕ್ಕೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್, ಎರಡೂ ಆಫ್ ಇರುವಾಗಲೇ ಎಚ್‌ಡಿಎಂಐ ಜೋಡಣೆ. ಮೈಕ್ ಸೆಟ್ಟಿಗೆ ಲ್ಯಾಪ್‌ಟಾಪಿನ ಧ್ವನಿ ಕೊಟ್ಟಾಗ ‘ಗುಂಯ್’ ಎನ್ನುವುದೂ ಇದೇ ಕಾರಣಕ್ಕೆ. ಅದನ್ನು ನಿಲ್ಲಿಸಲು ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವವರಿದ್ದಾರೆ, ದಯವಿಟ್ಟು ಬೇಡ. ನಡುವೆ ಧ್ವನಿಯನ್ನಷ್ಟೇ ದಾಟಿಸುವ ಡಿಐ ಬಾಕ್ಸ್ ಅಥವಾ ಆಡಿಯೊ ಐಸೊಲೇಟರ್ ಹಾಕಿದರೆ ಆ ಗುಂಯ್ ನಿಲ್ಲುತ್ತದೆ, ಯಾರ ಜೀವಕ್ಕೂ ಅಪಾಯವಿಲ್ಲ.

ಕೇಬಲ್ಲಿನ ಮಾತು ಚುಟುಕಾಗಿ: ಮಾಮೂಲಿ ಎಚ್‌ಡಿಎಂಐ ಹತ್ತು ಮೀಟರ್‌ವರೆಗೆ ನಂಬಬಹುದು. ಅದಕ್ಕೂ ಉದ್ದವಾದರೆ ಫೈಬರ್ ಎಚ್‌ಡಿಎಂಐ, ಇಲ್ಲವೇ ಕ್ಯಾಟ್ 6 ತಂತಿಯ ಮೇಲೆ ಎಕ್ಸ್‌ಟೆಂಡರ್. ಫೈಬರ್ ಕೇಬಲ್ಲಿಗೆ ತಲೆ ಬಾಲ ಇದೆ, ‘ಸೋರ್ಸ್’ ಎಂದು ಬರೆದ ತುದಿ ಲ್ಯಾಪ್‌ಟಾಪಿಗೆ. ಯುಎಸ್‌ಬಿ-ಸಿ ತೂತು ಇದ್ದ ಮಾತ್ರಕ್ಕೆ ಅದರಿಂದ ಚಿತ್ರ ಬರುತ್ತದೆಂದಲ್ಲ, ಆ ಪೋರ್ಟಿಗೆ ಡಿಸ್‌ಪ್ಲೇ ಸೌಲಭ್ಯ ಇರಬೇಕು. ಪ್ರೊಜೆಕ್ಟರ್ ಮೊದಲು ಹಚ್ಚಿ, ಆಮೇಲೆ ಲ್ಯಾಪ್‌ಟಾಪ್. ‘ನೋ ಸಿಗ್ನಲ್’ ಬಂದರೆ ಸೋರ್ಸ್ ಗುಂಡಿ ಒತ್ತಿ ಸರಿಯಾದ ಎಚ್‌ಡಿಎಂಐ ಆರಿಸಿ, ನಂತರ ಕೀಲಿಮಣೆಯಲ್ಲಿ ವಿಂಡೋಸ್ ಕೀ ಹಿಡಿದು ಪಿ ಒತ್ತಿ ‘ಡೂಪ್ಲಿಕೇಟ್’. ಚಿತ್ರ ಬಂದೊಡನೆ ಲ್ಯಾಪ್‌ಟಾಪಿನ ಧ್ವನಿ ತಾನಾಗಿ ಪ್ರೊಜೆಕ್ಟರಿನ ಪುಟ್ಟ ಸ್ಪೀಕರಿಗೆ ಹೋಗಿಬಿಡುತ್ತದೆ, ಮೈಕ್ ಸೆಟ್‌ನವರು ತಮ್ಮ ಮಿಕ್ಸರ್ ತಡಕುತ್ತಾ ನಿಲ್ಲುತ್ತಾರೆ. ಕೆಳಗಿನ ಸ್ಪೀಕರ್ ಗುರುತು ಒತ್ತಿ ಲ್ಯಾಪ್‌ಟಾಪಿನ ಹೆಡ್‌ಫೋನ್ ಆರಿಸಿದರೆ ಮುಗಿಯಿತು. ಫೋಕಸನ್ನು ಹಚ್ಚಿದ ತಕ್ಷಣ ಒಮ್ಮೆ, ಹದಿನೈದು ನಿಮಿಷದ ನಂತರ ಮತ್ತೊಮ್ಮೆ ಹೊಂದಿಸಿ, ಲೆನ್ಸ್ ಬಿಸಿಯಾದಾಗ ಅದು ಕೊಂಚ ಸರಿಯುತ್ತದೆ.

ಕನ್ನಡದ ಸ್ಲೈಡುಗಳಿಗೆ ತಮ್ಮದೇ ಕಾಯಿಲೆ ಇದೆ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪಿಸಿದ ಕಡತ ಬೇರೆಯವರ ಲ್ಯಾಪ್‌ಟಾಪಿನಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತದೆ. ಯೂನಿಕೋಡಿನಲ್ಲಿ ಬರೆದರೂ ಆ ಫಾಂಟ್ ಅಲ್ಲಿಲ್ಲದಿದ್ದರೆ ಸಾಲುಗಳು ಒಡೆದು ಚೌಕಟ್ಟಿನಾಚೆ ಹೋಗುತ್ತವೆ. ಸ್ಲೈಡಿನ ಜತೆಗೆ ಒಂದು ಪಿಡಿಎಫ್ ಪ್ರತಿಯನ್ನೂ ಪೆನ್‌ಡ್ರೈವಿನಲ್ಲಿಡಿ. ಅಕ್ಷರ 28 ಪಾಯಿಂಟಿಗಿಂತ ಕಡಿಮೆ ಬೇಡ. ‘ರಾಷ್ಟ್ರ’, ‘ಸ್ವಾತಂತ್ರ್ಯ’ದಂಥ ಪದಗಳ ಒತ್ತುಗಳು ಕೆಳಸಾಲಿಗೆ ತಾಗದಂತೆ ಸಾಲುಗಳ ನಡುವಿನ ಅಂತರವನ್ನು 1.2ಕ್ಕೋ 1.3ಕ್ಕೋ ಏರಿಸಿ. ಬೆಳಕಿರುವ ಕೋಣೆಗೆ ಬಿಳಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರವೇ ಸರಿ. ಕಡುನೀಲಿಯ ಮೇಲೆ ಹಳದಿ ಲ್ಯಾಪ್‌ಟಾಪಿನಲ್ಲಷ್ಟೇ ಚೆಂದ.

ಮಂಡ್ಯ ಸೀಮೆಯ ಬಯಲು ಕಾರ್ಯಕ್ರಮಗಳಲ್ಲಿ ಇನ್ನೊಂದು ಕಾಟ ಹುಳುಗಳದ್ದು. ನಾಲೆ, ಗದ್ದೆಯ ಪಕ್ಕ ಮುಸ್ಸಂಜೆಯಾದೊಡನೆ ಲೆನ್ಸಿನ ಮುಂದೆ ಮುತ್ತುತ್ತವೆ, ಕೆಲವು ಗಾಳಿಯ ಜಾಲರಿಗೆ ಸಿಕ್ಕಿ ಸಾಯುತ್ತವೆ. ಪ್ರೊಜೆಕ್ಟರಿನಿಂದ ಹತ್ತು ಹನ್ನೆರಡು ಅಡಿ ದೂರದಲ್ಲಿ ಒಂದು ಬಿಳಿ ಬಲ್ಬು ಬೇರೆಯಾಗಿ ಉರಿಸಿದರೆ ಒಂದಷ್ಟು ಅತ್ತ ಹೋಗುತ್ತವೆ. ಜಾಲರಿಗೆ ಬಟ್ಟೆ ಸುತ್ತುವುದು ಮಾತ್ರ ಹುಳುವಿಗಿಂತ ಕೆಟ್ಟದ್ದು.

ಏಕೆಂದರೆ ಒಳಗಿನ ಬಿಸಿ ಸಾಮಾನ್ಯದ್ದಲ್ಲ. ಲ್ಯಾಂಪಿನ ಪುಟ್ಟ ಗಾಜಿನ ಗುಳ್ಳೆಯಲ್ಲಿ ಪಾದರಸದ ಆವಿ ಹೊರಗಿನ ಗಾಳಿಯ ಸುಮಾರು 200 ಪಟ್ಟು ಒತ್ತಡದಲ್ಲಿ ಉರಿಯುತ್ತಿರುತ್ತದೆ. ರಿಮೋಟಿನಲ್ಲಿ ಪವರ್ ಗುಂಡಿ ಎರಡು ಸಲ ಒತ್ತಿದಾಗ ಲ್ಯಾಂಪ್ ಆರಿ ಫ್ಯಾನ್ ಇನ್ನೂ ಒಂದೆರಡು ನಿಮಿಷ ತಿರುಗುವುದು ಇದನ್ನು ತಣಿಸಲು. ಫ್ಯಾನ್ ನಿಂತು, ಮಿನುಗುವ ದೀಪ ಸ್ಥಿರವಾದ ಮೇಲೆ ಪ್ಲಗ್ ತೆಗೆಯಿರಿ. ಅದಕ್ಕೂ ಮೊದಲು ಮೈನ್ ಕಿತ್ತರೆ ಬಿಸಿ ಒಳಗೇ ಉಳಿದು ಲ್ಯಾಂಪನ್ನೂ, ಪುಟ್ಟ ಫಲಕಗಳ ಮೂಲಕ ಬೆಳಕು ಹಾಯಿಸುವ ಎಲ್‌ಸಿಡಿ ಮಾದರಿಯಾದರೆ ಬೆಳಕು ಸೋಸುವ ಅದರ ಪೋಲರೈಸರ್ ಹಾಳೆಗಳನ್ನೂ ಬೇಯಿಸುತ್ತದೆ. ಕರೆಂಟ್ ಹೋಗಿ ತಕ್ಷಣ ಬಂದರೆ ಮತ್ತೆ ಮತ್ತೆ ಗುಂಡಿ ಒತ್ತಬೇಡಿ. ಬಿಸಿ ಲ್ಯಾಂಪಿನ ಒತ್ತಡ ಇಳಿಯದೆ ಅದು ಹತ್ತುವುದಿಲ್ಲ, ಪ್ರತಿ ಪ್ರಯತ್ನವೂ ಎಲೆಕ್ಟ್ರೋಡನ್ನು ಸವೆಸುತ್ತದೆ. ಐದರಿಂದ ಹತ್ತು ನಿಮಿಷ ಕಾಯಿರಿ. 1 ಕೆವಿಎ ಯುಪಿಎಸ್ ಇದ್ದರೆ ಜನರೇಟರ್ ಹಚ್ಚುವ ಹೊತ್ತು ದಾಟಿಸಬಹುದು. 600 ವಿಎ ಯುಪಿಎಸ್ ಹೊರುವುದು ಸಾಮಾನ್ಯವಾಗಿ 360 ವ್ಯಾಟ್, ಲ್ಯಾಪ್‌ಟಾಪನ್ನೂ ಸೇರಿಸಿದರೆ ಅಂಚಿಗೆ ಬರುತ್ತದೆ. ಭಾಷಣಕಾರರು ಮಾತಾಡುವಾಗ ಚಿತ್ರ ಬೇಡವೆಂದರೆ ಲೆನ್ಸಿಗೆ ರಟ್ಟು ಅಡ್ಡ ಇಡಬೇಡಿ, ಅದು ಕಮರುತ್ತದೆ. ‘ಬ್ಲ್ಯಾಂಕ್’ ಅಥವಾ ‘ಎವಿ ಮ್ಯೂಟ್’ ಗುಂಡಿ ಇರುವುದೇ ಅದಕ್ಕೆ. ಲೇಸರ್ ಮಾದರಿಗಳಲ್ಲಿ ಲ್ಯಾಂಪಿನ ಗೋಳಿಲ್ಲ, 20,000 ಗಂಟೆಯ ಬಾಳಿಕೆ ಹೇಳುತ್ತಾರೆ, ಆದರೆ ಉರಿಯುವ ಲೆನ್ಸಿನೊಳಗೆ ಯಾರೂ, ಅದರಲ್ಲೂ ಮಕ್ಕಳು, ನೇರ ಇಣುಕಬಾರದು.

ಫಿಲ್ಟರ್ ಇರುವ ಮಾದರಿಗಳಲ್ಲಿ ಸೀಮೆಸುಣ್ಣದ ತರಗತಿಯಾದರೆ ತಿಂಗಳಿಗೊಮ್ಮೆ ಫಿಲ್ಟರ್ ಹೊರತೆಗೆದು ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆಯಿರಿ. ಕಂಪ್ರೆಸರ್ ಗಾಳಿ ಒಳಗೆ ಹೊಡೆದರೆ ಧೂಳು ಲೆನ್ಸುಗಳ ನಡುವೆ ಸೇರುತ್ತದೆ. ಮೆನುವಿನ ‘ಹೈ ಆಲ್ಟಿಟ್ಯೂಡ್’ ಆಯ್ಕೆ ಸಾಮಾನ್ಯವಾಗಿ 1500 ಮೀಟರ್ ದಾಟಿದ ಊರುಗಳಿಗೆ. ಮೈಸೂರಿಗೂ ಮಂಡ್ಯಕ್ಕೂ ಬೇಡ, ಊಟಿಗೆ ಒಯ್ದರೆ ಬೇಕು.

ಲ್ಯಾಂಪ್ ‘ಢಂ’ ಎಂದು ಒಡೆದರೆ ಪ್ಲಗ್ ತೆಗೆದು, ಕಿಟಕಿ ತೆರೆದು, ಅರ್ಧ ಗಂಟೆ ಎಲ್ಲರನ್ನೂ ಹೊರಗೆ ಕಳಿಸಿ. ಹೊರಬರುವುದು ಪಾದರಸದ ಆವಿ. ಚೂರುಗಳನ್ನು ಕಸದ ಗಾಡಿಗೆ ಹಾಕದೆ ಇ-ತ್ಯಾಜ್ಯದವರಿಗೆ ಕೊಡಿ. ಹೊಸ ಲ್ಯಾಂಪ್ ಹಾಕುವಾಗ ಗಾಜಿಗೆ ಬೆರಳು ತಾಗಬಾರದು, ಹಾಕಿದ ಮೇಲೆ ಮೆನುವಿನಲ್ಲಿ ಲ್ಯಾಂಪ್ ಉರಿದ ಗಂಟೆಯ ಲೆಕ್ಕ ಸೊನ್ನೆ ಮಾಡಬೇಕು.

ಆ ಸೊನ್ನೆ ಮಾಡುವ ಅವಕಾಶ ಇರುವುದರಿಂದಲೇ ದಸರಾ ಸಮಯದಲ್ಲಿ ಬಾಡಿಗೆಗೆ ತರುವವರು, ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬರೀ ‘ಲ್ಯಾಂಪ್ ಅವರ್ಸ್’ ನೋಡಿ ಒಪ್ಪಬಾರದು. ಪೂರ್ತಿ ಬಿಳಿ ಸ್ಲೈಡ್ ಹಾಕಿಸಿ: ಹಳದಿ, ನೀಲಿ ಕಲೆ ಹರಡಿದ್ದರೆ ಎಲ್‌ಸಿಡಿಯ ಹಾಳೆ ಬೆಂದಿದೆ. ಪೂರ್ತಿ ಕಪ್ಪು ಹಾಕಿಸಿ: ಬಿಳಿ ಚುಕ್ಕಿಗಳು ಚೆಲ್ಲಿದ್ದರೆ ಪುಟ್ಟ ಕನ್ನಡಿಗಳಿಂದ ಚಿತ್ರ ಮೂಡಿಸುವ ಡಿಎಲ್‌ಪಿ ಮಾದರಿಯ ಚಿಪ್ಪಿನಲ್ಲಿ ಆ ಕನ್ನಡಿಗಳು ಸಾಯುತ್ತಿವೆ, ಅವು ದಿನೇದಿನೇ ಹೆಚ್ಚುತ್ತವೆ. ಅರ್ಧ ಗಂಟೆ ಉರಿಸಿ ನೋಡಿ. ‘ಟೆಂಪ್’ ದೀಪ ಕೆಂಪಾಗದೆ ಉಳಿದರೆ ಮಾತ್ರ ಅಡ್ವಾನ್ಸ್ ಕೊಡಿ.