ಲಸೋಟಾ ಹಾಕಿಸಿದ್ರೂ ಕೊಕ್ಕರೆ ರೋಗ ಯಾಕ್ ಬಂತು?

ಪ್ರಶ್ನೆ: ನಾಟಿ ಕೋಳಿ ಮರಿ ತಂದಿದ್ವಿ. ಮೊದಲ ವಾರದಲ್ಲೇ ಹೊಕ್ಕಳು ಕೀವಾಗಿ ಒಂದಷ್ಟು ಸತ್ವು. ಉಳಿದವಕ್ಕೆ 7ನೇ ದಿನ ಲಸೋಟಾ (ಕೊಕ್ಕರೆ ರೋಗ ಅಂದ್ರೆ ರಾಣಿಕೇತ್ ರೋಗದ ಲಸಿಕೆ) ಕಣ್ಣಿಗೆ ಬಿಟ್ವಿ, 14ನೇ ದಿನ ಗುಂಬೊರೊ ಅನ್ನೋ ಇನ್ನೊಂದು ರೋಗದ ಲಸಿಕೆನೂ ಆಯ್ತು. ಈಗ ಒಂದೂವರೆ ತಿಂಗಳಿಗೆ ಕತ್ತು ತಿರುಚ್ಕೊಂಡು, ಹಸಿರು ಭೇದಿ ಮಾಡ್ಕೊಂಡು ಸಾಯ್ತಾ ಇವೆ. ವ್ಯಾಕ್ಸಿನ್ ಡೂಪ್ಲಿಕೇಟಾ?

ಉತ್ತರ: ವ್ಯಾಕ್ಸಿನ್‌ನ ಬೈಯೋಕೆ ಮುಂಚೆ ಆ ಮೊದಲ ವಾರದ ಕಡೆ ನೋಡಿ, ಹೊಕ್ಕಳು ಕೀವಾಗಿತ್ತು ಅಂತ ನೀವೇ ಹೇಳಿದ್ದೀರಲ್ಲ, ನನಗೆ ಮೊದಲ ಅನುಮಾನ ಬರೋದೇ ಅಲ್ಲಿ.

ಲಸಿಕೆ ಬಾಟ್ಲಲ್ಲಿ ರೋಗನಿರೋಧಕ ಶಕ್ತಿ ಇರಲ್ಲ. ಅದರಲ್ಲಿರೋದು ಸೌಮ್ಯ ಜಾತಿಯ ಜೀವಂತ ವೈರಸ್ಸು, ಅದು ಮರಿಯ ಕಣ್ಣಿನ ಹಿಂದಿರೋ ಗ್ರಂಥಿಲಿ, ಶ್ವಾಸನಾಳದಲ್ಲಿ ಸ್ವಲ್ಪ ಬೆಳೆದು ಮೈನ ಎಚ್ಚರಿಸುತ್ತೆ ಅಷ್ಟೇ, ಆಮೇಲೆ ಆಂಟಿಬಾಡಿ ಅಂದ್ರೆ ರೋಗಾಣುನ ತಡೆಯೋ ಪ್ರೋಟೀನ್ ತಯಾರಿಸೋ ಕೆಲಸ ಪೂರ್ತಿ ಮರಿದೇ. ಆ ಆಂಟಿಬಾಡಿ ಮಾಡೋ ಬಿಳಿ ರಕ್ತಕಣಗಳು ಪಳಗೋದು ಬರ್ಸಾ ಅನ್ನೋ ಚಿಕ್ಕ ಚೀಲದಲ್ಲಿ, ಗುದದ್ವಾರದ ಹತ್ತಿರ ಬೆನ್ನಿನ ಕಡೆಗೆ ಇರುತ್ತೆ. 1956ರಲ್ಲಿ ಅಮೆರಿಕದ ಬ್ರೂಸ್ ಗ್ಲಿಕ್ ಮತ್ತು ತಿಮೋತಿ ಚಾಂಗ್ ಪ್ರಕಟಿಸಿದ ಪ್ರಯೋಗ ಇದೆ: ಎಳೇ ವಯಸ್ಸಲ್ಲೇ ಬರ್ಸಾ ತೆಗೆದಿದ್ದ ಕೋಳಿಗಳಿಗೆ ಸಾಲ್ಮೊನೆಲ್ಲಾ ಚುಚ್ಚಿದ್ರೆ ಹೆಚ್ಚಿನವು ಆಂಟಿಬಾಡಿನೇ ಮಾಡ್ಲಿಲ್ಲ. ಕೋಳಿ ಪ್ರಾಯಕ್ಕೆ ಬರ್ತಾ ಈ ಚೀಲ ತಾನಾಗೇ ಕುಗ್ಗುತ್ತೆ, ಹಾಗಾಗಿ ಅದರ ಮುಖ್ಯ ಕೆಲಸ ಎಲ್ಲ ಮೊದಲ ವಾರಗಳದ್ದೇ.

ಹೊಕ್ಕಳು ಕೀವಿಗೆ ಹೆಚ್ಚಾಗಿ ಕಾರಣ ಇ. ಕೋಲಿ ಬ್ಯಾಕ್ಟೀರಿಯಾ. ಹಿಕ್ಕೆ ಮೆತ್ತಿದ ಮೊಟ್ಟೆ ಕಾವಿಗಿಟ್ರೆ ಚಿಪ್ಪಿನ ಸೂಕ್ಷ್ಮ ರಂಧ್ರದಿಂದ ಒಳಗೆ ಹೋಗುತ್ತೆ, ಇಲ್ಲಾಂದ್ರೆ ಮುಚ್ಚಿಕೊಳ್ಳದ ಹೊಕ್ಕಳಿಂದ. ಮರಿಯ ಹೊಟ್ಟೆಲಿ ಉಳಿದಿರೋ ಮೊಟ್ಟೆಯ ಹಳದಿ ಅಂದ್ರೆ ಮೊದಲ ದಿನಗಳ ಊಟ, ಜೊತೆಗೆ ತಾಯಿ ಕೊಟ್ಟ ಆಂಟಿಬಾಡಿನೂ ಅದರಲ್ಲೇ ಇರುತ್ತೆ. ಅದು ಕೊಳೆತ್ರೆ ಎರಡೂ ಸರಿಯಾಗಿ ಮೈಗೆ ಸೇರಲ್ಲ. ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದ್ರೆ ಬರ್ಸಾದಲ್ಲೂ, ಬರ್ಸಾ ಥರಾನೇ ಬಿಳಿ ರಕ್ತಕಣ ಪಳಗಿಸೋ, ಕತ್ತಲ್ಲಿರೋ ಥೈಮಸ್‌ನಲ್ಲೂ ಎಳೇ ಬಿಳಿ ರಕ್ತಕಣ ಸಾಯ್ತವೆ, ಇದರ ಮೇಲೆ ಕಾಯಿಲೆ ಸ್ಟ್ರೆಸ್ಸಿಂದ ಏರೋ ಹಾರ್ಮೋನೂ ಅದೇ ಹಾನಿ ಮಾಡುತ್ತೆ. ಇಂಥ ಮರಿಗೆ ಒಳ್ಳೇ ಲಸೋಟಾ ಬಿಟ್ರೂ ಆಂಟಿಬಾಡಿ ಕಮ್ಮಿ ಬರುತ್ತೆ, ಬಂದಿದ್ದೂ ಬೇಗ ಇಳಿದುಹೋಗ್ಬಹುದು. ಮೇಲ್ನೋಟಕ್ಕೆ ಚೇತರಿಸಿಕೊಂಡು ಓಡಾಡ್ತಿರೋ ಮರಿಗೂ ಈ ಮಾತು ಅನ್ವಯ, ಇದನ್ನ ತುಂಬಾ ಜನ ಗಮನಿಸಲ್ಲ.

ಅದಕ್ಕೇ ಮರಿ ತರೋವಾಗ ಒಂದೊಂದನ್ನೂ ಅಂಗೈಲಿ ಮಗುಚಿ ಹಿಡಿದು ಹೊಕ್ಕಳು ನೋಡಿ. ಒಣಗಿ, ಮುಚ್ಚಿ, ಮೇಲೆ ಪುಕ್ಕ ಕವರ್ ಆಗಿದ್ರೆ ಸರಿ. ಕಪ್ಪು ಗುಂಡಿ ಥರ ಹೆಕ್ಕಳೆ, ಒದ್ದೆಯಾಗಿ ಅಂಟಿದ ಪುಕ್ಕ, ಉಬ್ಬಿದ ಮೆತ್ತನೆ ಹೊಟ್ಟೆ, ಮೂಗಿನ ಹತ್ರ ತಂದ್ರೆ ಕೊಳೆತ ವಾಸನೆ, ಇಂಥವು ಜಾಸ್ತಿ ಇದ್ರೆ ಆ ಬ್ಯಾಚ್ ತರಲೇಬೇಡಿ. ಐದಾರನೇ ದಿನ ಸತ್ತ ಮರಿನ ಡಾಕ್ಟರು ಕೊಯ್ದಾಗ ಹಳದಿ ಬಹುಪಾಲು ಕರಗಿರಬೇಕು, ನೀರು ನೀರಾಗಿ ಹಸಿರು-ಕಂದು ಬಣ್ಣದಲ್ಲಿ ಚೀಲ ಹಾಗೇ ಇದ್ರೆ ಕಾಯಿಲೆ ಅಲ್ಲೇ ಇದೆ. ಬ್ರೂಡರ್ (ಮರಿಗೆ ಕಾವು ಕೊಡೋ ಜಾಗ) ತಣ್ಣಗಿದ್ರೂ ಹಳದಿ ಕರಗಲ್ಲ, ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬೇಕು.

ಕಾಯಿಲೆ ಇರೋ ಬ್ಯಾಚಿಗೆ ಕ್ಯಾಲೆಂಡರ್ ನೋಡ್ಕೊಂಡು ಲಸಿಕೆ ಹಾಕ್ಬೇಡಿ, ದಯವಿಟ್ಟು. ಡಾಕ್ಟರನ್ನ ಕೇಳಿ ಕೆಲವು ದಿನ ಮುಂದಕ್ಕೆ ಹಾಕೋದೋ, ಅಕ್ಕಪಕ್ಕ ಕೊಕ್ಕರೆ ರೋಗ ಇದ್ರೆ ಲಸೋಟಾಗಿಂತ ಮೃದುವಾದ ಎಫ್ ತಳಿ ಹಾಕೋದೋ ತೀರ್ಮಾನಿಸಿ. ಗೊರಗೊರ ಉಸಿರಾಡೋ, ಬೇಗ ವಾಸಿಯಾಗದ ಉಸಿರಾಟದ ಕಾಯಿಲೆ ಅಂದ್ರೆ ಸಿಆರ್‌ಡಿ ಬ್ಯಾಚಲ್ಲಿ ಇನ್ನೂ ಹುಷಾರಾಗಿರ್ಬೇಕು, ಅಲ್ಲಿ ಮೈಕೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾ ಆಗಲೇ ಶ್ವಾಸನಾಳ ಕೆಡಿಸಿರುತ್ತೆ, ಅದರ ಮೇಲೆ ಜೀವಂತ ಲಸಿಕೆ ಬಿದ್ರೆ ರಿಯಾಕ್ಷನ್ ಜೋರಾಗಿ, ಹಿಂದೆನೇ ಇ. ಕೋಲಿ ನುಗ್ಗಿ ಮರಿ ಸಾಯ್ತವೆ.

ಹಾಗಂತ ಮೊದಲ ದಿನದಿಂದ್ಲೇ ಆಂಟಿಬಯೋಟಿಕ್ ಕುಡಿಸೋದು ಪರಿಹಾರ ಅಲ್ಲ. ಸತ್ತ ಕಣ ಅದರಿಂದ ವಾಪಸ್ ಬರಲ್ಲ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಮಾತ್ರ ನಿಮ್ಮ ಶೆಡ್ಡಲ್ಲಿ ಉಳಿಯುತ್ತೆ. ಕೊಲಿಸ್ಟಿನ್ ಅನ್ನೋ ಆಂಟಿಬಯೋಟಿಕ್ ಅಂತೂ 2019ರಿಂದ ನಮ್ಮ ದೇಶದಲ್ಲಿ ಕೋಳಿಗೆ ಕೊಡೋ ಹಾಗೇ ಇಲ್ಲ, ಯಾರಾದ್ರೂ ಕೊಟ್ರೆ ತಗೋಬೇಡಿ.

ಲಸಿಕೆ ಬಿಸಿಲಿಗೆ ಸಿಕ್ಕಿತ್ತಾ, ಐಸ್ ಇಲ್ದೆ ಬಂತಾ, ಬೂಸ್ಟರ್ ಬಿಟ್ಟುಹೋಯ್ತಾ ಅಂತಲೂ ವಿಚಾರಿಸ್ಲೇಬೇಕು. ಈಗ ಸತ್ತಿರೋದನ್ನ ಬಿಸಾಕದೆ, ಹೊಸದಾಗಿ ಸತ್ತ ಒಂದೆರಡನ್ನ ಐಸಲ್ಲಿಟ್ಟು ಪಶು ಆಸ್ಪತ್ರೆಗೆ ತಗೊಂಡೋಗಿ, ಕೊಕ್ಕರೆ ರೋಗನೇ ಹೌದಾ ಅನ್ನೋದು ಮೊದಲು ಖಾತ್ರಿ ಆಗ್ಲಿ. ಮುಂದಿನ ಬ್ಯಾಚಲ್ಲಿ ಲಸೋಟಾ ಆಗಿ ಎರಡು ಮೂರು ವಾರಕ್ಕೆ ಕೆಲವು ಮರಿಗಳ ರಕ್ತ ತೆಗೆಸಿ ಎಚ್‌ಐ ಟೆಸ್ಟ್ (ರಕ್ತದಲ್ಲಿ ಆಂಟಿಬಾಡಿ ಎಷ್ಟಿದೆ ಅಂತ ಅಳೆಯೋ ಪರೀಕ್ಷೆ) ಮಾಡಿಸಿ, ಟೈಟರ್ ಅಂದ್ರೆ ಆ ಅಳತೆ ಕಮ್ಮಿ ಬಂದ್ರೆ ರೋಗ ಬರೋ ಮುಂಚೆನೇ ಬೂಸ್ಟರ್ ಬಗ್ಗೆ ಡಾಕ್ಟರ ಹತ್ರ ಮಾತಾಡೋಕೆ ಟೈಮ್ ಸಿಗುತ್ತೆ.